ನಾಗಪ್ಪನಿಗೆ ಹೇಳಿದ ಮಾತು

ದೀಪ ಕದ್ದವನ ಮುಖ ಕೊನೆಗೂ ಯಾರಿಗೂ ಕಾಣಿಸಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಲ್ಮೆಟ್ ಹಾಕಿಕೊಂಡು ಬಂದ, ದೀಪ ಎತ್ತಿಕೊಂಡ, ಹೋದ. ಕ್ಯಾಮೆರಾ, ಮಾನಿಟರು, ಮೀಟಿಂಗು ಅಂತ ಇಷ್ಟೆಲ್ಲ ಕುಣಿದು ನಮ್ಮ ಕ್ರಾಸಿನವರು ಹಿಡಿದದ್ದು ಒಬ್ಬ ಹೆಣ್ಣುಮಗಳನ್ನು. ಅವಳು ಏನನ್ನೂ ಕದ್ದವಳಲ್ಲ. ಹೊಟ್ಟೆಯೊಳಗಿನ ಸಂಕಟವನ್ನು ದೇವರ ಹತ್ತಿರ ಹೇಳಿಕೊಂಡಿದ್ದಳು, ಅಷ್ಟೇ.

ನಾನು ಉಮಾಮಹೇಶ್ವರಿ. ಜಯನಗರ ಏಳನೇ ಬ್ಲಾಕಿನಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲೇ ಇದ್ದೇನೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಇಲ್ಲಿ ಬರೆಯುವ ಹಾಗಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಕರೆ ಜೋಡಿಸಿಕೊಡುವ ಟ್ರಂಕ್ ಆಪರೇಟರ್ ಆಗಿ ಸೇರಿ ಅಲ್ಲೇ ನಿವೃತ್ತಳಾದವಳು. ಆ ಕಾಲದಲ್ಲಿ ಲೈನು ಸರಿಯಾಗಿ ಸಿಕ್ಕಿದೆಯೇ ಎಂದು ನೋಡಲು ನಾವು ನಡುವೆ ಕಿವಿ ಕೊಡಲೇಬೇಕಿತ್ತು. ಸಾವಿನ ಸುದ್ದಿ, ಮುರಿದುಬಿದ್ದ ಮದುವೆ, ಗಂಡಸರು ಅಳುವುದು, ಎಲ್ಲ ಕೇಳಿದ್ದೇವೆ. ಕೇಳಿ, ಹೆಡ್‌ಫೋನು ತೆಗೆದಿಟ್ಟು, ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಪಕ್ಕದ ಸೀಟಿನವಳಿಗೂ ಹೇಳುತ್ತಿರಲಿಲ್ಲ. ಹಾಗೆ ಹೇಳಿದವಳೊಬ್ಬಳನ್ನು ನಮ್ಮ ಸೂಪರ್‌ವೈಸರ್ ಎಲ್ಲರೆದುರಿಗೇ ಎಬ್ಬಿಸಿ ಕಳಿಸಿದ್ದರು. ಅದಕ್ಕೇ ಇನ್ನೊಬ್ಬರ ಮಾತಿಗೆ ಕಿವಿ ನಿಮಿರಿಸುವವರನ್ನು ಕಂಡರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಉಮಕ್ಕನಿಗೆ ಕೋಪ ಜಾಸ್ತಿ ಅನ್ನುತ್ತಾರೆ. ಅನ್ನಲಿ, ನನಗೇನು.

ನಮ್ಮ ಕ್ರಾಸಿನ ತುದಿಯಲ್ಲಿ ಒಂದು ನಾಗರಕಟ್ಟೆ ಇದೆ. ಅರಳಿ, ಬೇವು ಎರಡೂ ಒಂದಕ್ಕೊಂದು ಹೆಣೆದುಕೊಂಡು ಬೆಳೆದಿವೆ. ಬಡಾವಣೆ ಮಾಡುವಾಗ ಕಡಿಯುವ ಧೈರ್ಯ ಯಾರಿಗೂ ಬರದೆ, ರಸ್ತೆಯನ್ನೇ ಸ್ವಲ್ಪ ಸೊಟ್ಟ ಮಾಡಿದ್ದಾರೆ. ಬುಡದಲ್ಲಿ ನಾಗರಕಲ್ಲುಗಳು. ಮಕ್ಕಳಾಗದ ಹೆಣ್ಣುಮಕ್ಕಳು ಬೆಳಗ್ಗೆ ಬಂದು ಸುತ್ತು ಹಾಕುತ್ತಾರೆ, ಹಾಲೆರೆಯುತ್ತಾರೆ, ಆಮೇಲೆ ಕಲ್ಲಿನ ಮುಂದೆ ಕೂತು ಹೇಳಿಕೊಳ್ಳುತ್ತಾರೆ. ಈ ಹೇಳಿಕೊಳ್ಳುವುದಕ್ಕೆ ನಮ್ಮ ಕಡೆ ಒಂದು ಕ್ರಮ ಇದೆ. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯುವುದಿಲ್ಲ. ಹಾವಿಗೆ ಕಿವಿ ಇಲ್ಲವಲ್ಲ, ಅದಕ್ಕೆ ಹತ್ತಿರ ಕೂತು ಬಾಯಿಬಿಟ್ಟು ಹೇಳಬೇಕು.

ಪಕ್ಕದ ಮನೆಯ ಪಂಕಜಾ ತನ್ನ ಸೊಸೆಗೆ ಇದನ್ನು ಹೇಳಿಕೊಟ್ಟದ್ದು ನನ್ನ ಎದುರಿಗೇ. ಪಂಕಜಾ ನನಗೆ ಸ್ಕೂಲಿನಿಂದ ಗೆಳತಿ. ಗಂಡ ತೀರಿಕೊಂಡ ಮೇಲೆ ಅವಳ ಜೀವವೆಲ್ಲ ಮಗ ಮಾಧವನ ಮೇಲೆ. ಮಾಧವ ಜೆ.ಪಿ. ನಗರದ ಒಂದು ಕಂಪನಿಯಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಾನೆ. ಮೆತ್ತನೆಯ ಹುಡುಗ, ಹುಡುಗನೇನು, ನಲವತ್ತರ ಹತ್ತಿರ ಬಂದಿದ್ದಾನೆ. ಅವನ ಹೆಂಡತಿ ಶುಭಾ. ತವರು ಅರೆಕೆರೆ. ಬಿ.ಟಿ.ಎಂ. ಲೇಔಟಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ.

"ಮನಸಲ್ಲೇ ಗೊಣಗ್ಕೊಂಡು ಎದ್ದು ಬರ್ಬೇಡ್ವೇ. ಬಾಯ್ಬಿಟ್ಟು ಹೇಳ್ಕೋ. ಏನೇನಿದೆಯೋ ಎಲ್ಲಾ ಹೇಳ್ಕೋ" ಅಂದಿದ್ದಳು ಪಂಕಜಾ.

ಶುಭಾ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ್ದಳು. "ಆಂಟಿ, ನಾಗಲೋಕಕ್ಕೆ ಒಂದು ಟ್ರಂಕ್ ಕಾಲ್ ಬುಕ್ ಮಾಡ್ಬೇಕಿತ್ತಲ್ಲ."

"ಆರ್ಡಿನರಿನೋ ಅರ್ಜೆಂಟೋ?" ಅಂದೆ ನಾನು.

"ಎಲ್ಲಕ್ಕಿಂತ ಬೇಗ ಸಿಗೋ ಲೈಟ್ನಿಂಗೇ ಹಾಕ್ಬಿಡಿ. ಅತ್ತೆ ಕಾಯ್ತಿದ್ದಾರೆ."

ಪಂಕಜಾಗೂ ನಗು ಬಂತು. ಅಂಥ ಹುಡುಗಿ ಅವಳು. ಆ ನಗುವಿನ ಹಿಂದೆ ಏನಿತ್ತು ಅಂತ ನನಗೆ ಗೊತ್ತಿರಲಿಲ್ಲ. ಪಂಕಜಾ ಕೆಟ್ಟವಳಲ್ಲ, ಸೊಸೆಗೆ ಬೆಳಗ್ಗೆ ಡಬ್ಬಿ ಕಟ್ಟಿಕೊಡುವವಳು ಅವಳೇ. ಆದರೆ ಮಗುವಿನ ಮಾತು ಬಂದರೆ ಅವಳ ನಾಲಿಗೆಗೆ ಮುಳ್ಳು ಬರುತ್ತಿತ್ತು. ಯಾರದೋ ಸೀಮಂತಕ್ಕೆ ಹೋದಾಗ, "ನೀನು ಮುಂದೆ ಹೋಗ್ಬೇಡ, ಹಿಂದೆ ಕೂತ್ಕೋ" ಅಂದಳು, ಅಷ್ಟು ಜನರ ಎದುರಿಗೆ. ಶುಭಾ ಹಿಂದೆ ಹೋಗಿ ಕೂತಳು. ಬರುವಾಗ ಆಟೋದಲ್ಲಿ ನಾನು ಪಂಕಜಾಳನ್ನು ಬಾಯಿಗೆ ಬಂದ ಹಾಗೆ ಬೈದೆ. ಶುಭಾ ನನ್ನ ಕೈ ಒತ್ತಿ, "ಬಿಡಿ ಆಂಟಿ, ನಂಗೇನೂ ಇಲ್ಲ" ಅಂದಳು.

ಇನ್ನು ಕ್ಯಾಮೆರಾ ಬಂದ ಕಥೆ. ಹಿಂದಿನ ರಸ್ತೆಯಲ್ಲಿ ಯಾರದೋ ಸರ ಕಿತ್ತುಕೊಂಡು ಹೋದರು. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಕಿಟ್ಟಿ ಎದ್ದು ನಿಂತ. ಕೃಷ್ಣಮೂರ್ತಿ ಅಂತ ಹೆಸರಿದ್ದರೂ ಅವನನ್ನು ಹಾಗೆ ಕರೆದವರಿಲ್ಲ. ವಿಮಾ ಕಚೇರಿಯಿಂದ ನಿವೃತ್ತನಾದವನು, ಎಲ್ಲರ ಮನೆಯ ಗ್ಯಾಸು, ಕರೆಂಟು, ನೀರಿನ ಟ್ಯಾಂಕರ್ ಎಲ್ಲ ಅವನದೇ ಉಸಾಬರಿ. ಒಳ್ಳೆಯವನು. ಬೆಂಗಳೂರಿನಲ್ಲಿ ಇಂಥ ಒಳ್ಳೆಯವರಿಂದಲೇ ನಮಗೆ ಆಗಬೇಕಾದ್ದೆಲ್ಲ ಆಗುತ್ತಿದೆ. ಕ್ರಾಸಿನ ಉದ್ದಕ್ಕೂ ಕ್ಯಾಮೆರಾ ಹಾಕಿಸಿದ. ಕಟ್ಟೆಯ ಮೇಲೆ ಹಿತ್ತಾಳೆಯ ದೊಡ್ಡ ದೀಪ ಇತ್ತು, ಹಾಗಾಗಿ ಅಲ್ಲಿಗೂ ಒಂದು. ಬೇವಿನ ಕೊಂಬೆಗೆ ಕಟ್ಟಿ, ನೇರ ನಾಗರಕಲ್ಲಿನ ನೆತ್ತಿಯ ಮೇಲೆ ಬರುವ ಹಾಗೆ, ಆಚೆಯ ರಸ್ತೆಯೂ ಕಾಣುವಂತೆ ಕೂರಿಸಿದ.

ಅದಕ್ಕೆ ಪೂಜೆ ಬೇರೆ. ಕ್ಯಾಮೆರಾಕ್ಕೆ ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆದು ಎಲ್ಲರಿಗೂ ಕೋಸಂಬರಿ ಹಂಚಿದರು. ಮಾರನೆಯ ದಿನದಿಂದ ಜನ ನಾಗಪ್ಪನಿಗೆ ಕೈಮುಗಿದು, ಹಾಗೇ ತಲೆಯೆತ್ತಿ ಕ್ಯಾಮೆರಾಕ್ಕೂ ಒಂದು ಕೈಮುಗಿಯತೊಡಗಿದರು. ನಾನು ಕಿಟ್ಟಿಯನ್ನು ಕೇಳಿದೆ. "ಹೆಣ್ಣುಮಕ್ಕಳು ಬಂದು ಕೂರೋ ಜಾಗ ಕಣೋ. ಅಲ್ಯಾಕೋ ಇದು?"

"ಉಮಕ್ಕ, ಅವ್ರ ಸೇಫ್ಟಿಗೇ ಅಲ್ವಾ? ಸುಮ್ನೆ ಚಿತ್ರ ಬರತ್ತೆ, ಇನ್ನೇನಿಲ್ಲ" ಅಂದ.

ಸುಮ್ಮನೆ ಚಿತ್ರ ಅಂತ ಅವನೂ ನಂಬಿದ್ದ. ಮಾನಿಟರು ಅವನ ನಡುಮನೆಯಲ್ಲಿತ್ತು, ಅದಕ್ಕೆ ಸ್ಪೀಕರೇ ಇರಲಿಲ್ಲ. ಹಾಕಿದ ಹುಡುಗರು ಹೊಸ ಮಾಡೆಲ್ಲು ಅಂತಷ್ಟೇ ಹೇಳಿ ಹೋಗಿದ್ದರು. ಒಳಗೆ ಮೈಕು ಇದೆ, ಅದು ಮಾತನ್ನೂ ಹಿಡಿದಿಡುತ್ತದೆ ಅಂತ ನಮ್ಮ ಕ್ರಾಸಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ದೀಪ ಕಳುವಾಯಿತು. ಹೂ ಮಾರುವ ರುದ್ರಮ್ಮ ಬಂದು ನೋಡಿ ಕೂಗಿಕೊಂಡಳು. ಕಿಟ್ಟಿಗೆ ಏನು ಉತ್ಸಾಹ! ಕ್ಯಾಮೆರಾ ಹಾಕಿಸಿದ್ದು ಸಾರ್ಥಕವಾಯಿತು ಅನ್ನುವ ಹಾಗೆ ಮುಖ ಅರಳಿಸಿಕೊಂಡು ಓಡಾಡಿದ. ಮಧ್ಯಾಹ್ನದ ಹೊತ್ತಿಗೆ ಸಂಘದ ವಾಟ್ಸಾಪ್ ಗುಂಪಿಗೆ ವಿಡಿಯೋ ಬಂತು. ಅದರ ಕೆಳಗೆ ಅವನ ಒಕ್ಕಣೆ: "ಕಳ್ಳ ಹೇಗೆ ಹೊಂಚು ಹಾಕಿದ್ದಾನೆ ನೋಡಿ. ಎಲ್ಲರೂ ಪೂರ್ತಿ ನೋಡಿ, ಗುರುತು ಸಿಕ್ಕರೆ ತಿಳಿಸಿ."

ನಾನು ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ಫೋನು ಒತ್ತಿದೆ. ರಸ್ತೆಯ ಆಚೆ ಸ್ಕೂಟರ್ ನಿಲ್ಲಿಸಿಕೊಂಡು ಹೆಲ್ಮೆಟ್ಟಿನವನು ಕಾಯುತ್ತಿದ್ದ. ಈಚೆ ನಾಗರಕಲ್ಲಿನ ಮುಂದೆ ಶುಭಾ ಕೂತಿದ್ದಳು, ತಲೆಗೂದಲು ಒದ್ದೆ, ಕೈಯಲ್ಲಿ ಹಾಲಿನ ಚೆಂಬು. ಅವಳು ಎದ್ದು ಹೋಗಲಿ ಅಂತ ಅವನು ಕಾಯುತ್ತಿದ್ದ. ಅಷ್ಟರಲ್ಲಿ ಅವಳ ಧ್ವನಿ ನನ್ನ ಅಡುಗೆಮನೆಯಲ್ಲೇ ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ನಾಗಪ್ಪಾ, ನಿಂಗೊಬ್ಬನಿಗೇ ಗೊತ್ತಿರೋದು. ನಂದೇನೂ ತೊಂದ್ರೆ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಇವ್ರಿಗೇ ಆಗಲ್ಲ ಅಂದ್ರು. ಆವತ್ತು ಆಸ್ಪತ್ರೆ ಮೆಟ್ಲ ಮೇಲೆ ಕೂತು ಹೇಗೆ ಅತ್ರು ಗೊತ್ತಾ ಇವ್ರು. ಅಮ್ಮಂಗೆ ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡ್ರು. ನಾನು ಹೇಳಿಲ್ಲ. ನಮ್ಮಪ್ಪ ಅಮ್ಮಂಗೂ ಹೇಳಿಲ್ಲ. ಎಲ್ಲಾರೂ ನಂದೇ ಅಂದ್ಕೊಳ್ಳಲಿ, ಪರ್ವಾಗಿಲ್ಲ. ಆದ್ರೆ ನಂಗೂ ಸಾಕಾಗೋಗಿದೆ ಕಣಪ್ಪಾ. ಅತ್ತೆ ದಿನಾ ಒಂದೊಂದು ಅಂತಾರೆ. ನಿನ್ನ ಹತ್ರ ಬಿಟ್ರೆ ಯಾರ ಹತ್ರ ಹೇಳ್ಕೊಳ್ಲಿ?"

ಆಮೇಲೆ ಮೂಗು ಒರೆಸಿಕೊಂಡಳು, ಹಾಲೆರೆದಳು, ಎದ್ದು ಹೋದಳು. ಹೆಲ್ಮೆಟ್ಟಿನವನು ರಸ್ತೆ ದಾಟಿ ಬಂದ. ಅವನನ್ನು ಯಾರು ನೋಡಿದರು?

ಅಯ್ಯೋ ಶಿವನೇ ಅಂತ ಚಪ್ಪಲಿಯೂ ಮೆಟ್ಟದೆ ಕಿಟ್ಟಿಯ ಮನೆಗೆ ಓಡಿದೆ. ಅವನು ಸೋಫಾದಲ್ಲಿ ಕೂತು ಗುಂಪಿನ ಶಹಭಾಸ್‌ಗಿರಿಗೆ ಕಾಯುತ್ತಿದ್ದ.

"ತೆಗಿಯೋ ಅದನ್ನ! ಈಗ್ಲೇ ತೆಗಿ!"

"ಯಾಕ್ ಉಮಕ್ಕ? ಏನಾಯ್ತು?"

"ಸೌಂಡ್ ಹಾಕ್ಕೊಂಡು ನೋಡಿದ್ಯಾ ನೀನು?"

"ಸೌಂಡಾ? ಅದ್ರಲ್ಲೆಲ್ಲಿ ಸೌಂಡು?"

ಅವನ ಫೋನು ಕಿತ್ತುಕೊಂಡು ಹಾಕಿ ಕೇಳಿಸಿದೆ. ಎರಡು ಮಾತು ಕೇಳುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು. "ದೇವ್ರಾಣೆ ಗೊತ್ತಿರ್ಲಿಲ್ಲ ಉಮಕ್ಕ, ದೇವ್ರಾಣೆ" ಅನ್ನುತ್ತಾ ಅಳಿಸಿದ. ಅಳಿಸಿ ಏನು ಬಂತು? ಆಗಲೇ ಯಾರೋ, "ಕಳ್ಳನ್ನ ಬಿಡಿ ಸಾರ್, ಆಡಿಯೋ ಕೇಳಿ" ಅಂತ ನಗುವ ಮುಖ ಹಾಕಿದ್ದರು. ಇನ್ನೊಬ್ಬರು, "ಇದು ಬೇರೆಯವರ ಖಾಸಗಿ ವಿಷಯ, ದಯವಿಟ್ಟು ತೆಗೆಯಿರಿ" ಅಂತ ಬುದ್ಧಿ ಹೇಳಿದ್ದರು. ಬುದ್ಧಿ ಹೇಳಿದವರೂ ಕೊನೆಯ ತನಕ ಕೇಳಿಯೇ ಬರೆದದ್ದು. ಅದು ಯಾರ್‍ಯಾರ ಫೋನಿನಲ್ಲಿ ಇಳಿದು ಕೂತಿತ್ತೋ ಆ ನಾಗಪ್ಪನಿಗೇ ಗೊತ್ತು.

ಗುಂಪಿನಲ್ಲಿ ಮನೆಗೊಬ್ಬರು ಇದ್ದದ್ದು. ಪಂಕಜಾಳ ಮನೆಯಿಂದ ಇದ್ದವನು ಮಾಧವ. ಶುಭಾ ಇರಲಿಲ್ಲ.

ಅವಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ಲೈಬ್ರರಿಯಲ್ಲಿ ಇರುವಾಗ ಎತ್ತುವುದಿಲ್ಲ ಅವಳು. ಊರಿಗೆಲ್ಲ ಗೊತ್ತಾದದ್ದು ಅವಳಿಗೆ ಮಾತ್ರ ಗೊತ್ತಿಲ್ಲ. ಸಂಜೆ ತನಕ ಹುಚ್ಚಿಯ ಹಾಗೆ ಗೇಟಿಗೂ ಅಡುಗೆಮನೆಗೂ ಓಡಾಡಿದೆ. ಬಸ್ಸಿಳಿದು ಬರುವಾಗ ಯಾರಾದರೂ ಹಲ್ಲು ಕಿಸಿದು ಏನಾದರೂ ಅಂದುಬಿಟ್ಟರೆ? ತಡೆಯದೆ ಬಸ್‌ಸ್ಟಾಪಿಗೇ ಹೋಗಿ ನಿಂತೆ.

ಶುಭಾ ಬಸ್ಸಿಳಿದು ನನ್ನನ್ನು ಕಂಡು ನಕ್ಕಳು. "ಏನಾಂಟಿ, ನನ್ನನ್ನ ರಿಸೀವ್ ಮಾಡ್ಕೊಳ್ಳಕ್ಕೆ ಬಂದ್ರಾ?"

ಬದಿಗೆ ಕರೆದುಕೊಂಡು ಹೋಗಿ ಹೇಳಿದೆ. ಹೇಗೆ ಹೇಳಿದೆನೋ, ಯಾವ ಪದ ಬಳಸಿದೆನೋ ನೆನಪಿಲ್ಲ. ಅವಳು ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ನಾನು ಎಂಥೆಂಥ ಸುದ್ದಿ ಮುಟ್ಟಿಸಿದವಳು, ಆದರೆ ಆಗೆಲ್ಲ ನಡುವೆ ತಂತಿ ಇರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವಳು ನಾಚಿಕೆಯಾಯಿತು ಅನ್ನಲಿಲ್ಲ, ಕಿಟ್ಟಿಯನ್ನು ಬೈಯಲಿಲ್ಲ.

"ಅವ್ರು ನೋಡಿದ್ರಾ ಆಂಟಿ?" ಅಂದಳು.

"ಗೊತ್ತಿಲ್ಲಮ್ಮಾ."

"ನೋಡಿರ್ತಾರೆ. ಎರಡು ಸಲ ಫೋನ್ ಮಾಡ್ದೆ, ಕಟ್ ಮಾಡಿದ್ರು. ಮೀಟಿಂಗಲ್ಲಿರ್ಬೇಕು ಅಂದ್ಕೊಂಡೆ." ಆಮೇಲೆ ಅಲ್ಲೇ ಫುಟ್‌ಪಾತಿನ ಕಲ್ಲಿನ ಮೇಲೆ ಕೂತಳು. "ನಾನು ಮಾತು ಕೊಟ್ಟಿದ್ದೆ ಆಂಟಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

ಅವರ ನಡುಮನೆಯ ಕಿಟಕಿಗೂ ನನ್ನ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ಕಾಂಪೌಂಡು ಗೋಡೆ ಅಷ್ಟೇ. ಮಾಧವ ಮನೆಗೆ ಬಂದದ್ದು ಕೇಳಿಸಿತು. ನಾನು ಎದ್ದು ಕಿಟಕಿ ಮುಚ್ಚಿದೆ.

ಬೆಳಗ್ಗೆ ಪಂಕಜಾ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು. "ಗೊತ್ತಿದ್ದಿದ್ರೆ ನಾನು ಆ ಹುಡ್ಗೀಗೆ ಒಂದು ಮಾತಾದ್ರೂ ಅಂತಿದ್ನಾ ಉಮಾ?" ಅಂದಳು. ಹೋಗಲಿ, ಇವಳಿಗಾದರೂ ಅರ್ಥವಾಯಿತಲ್ಲ ಅಂದುಕೊಂಡೆ. ಅಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆದ್ರೂ ಅವ್ಳು ಬಾಯ್ಬಿಡಬಾರದಿತ್ತು. ನನ್ನ ಮಗ ತಲೆಯೆತ್ಕೊಂಡು ಓಡಾಡ್ಬೇಡ್ವಾ?" ಅಂದಳು.

ನನಗೆ ತಲೆ ಕೆಟ್ಟುಹೋಯಿತು. "ಬಾಯ್ಬಿಟ್ಟು ಹೇಳ್ಕೋ ಅಂತ ಕಳ್ಸಿದ್ದು ನೀನೇ ಕಣೇ! ನನ್ನ ಎದುರಿಗೇ ಹೇಳಿದ್ಯಲ್ಲ!"

ಪಂಕಜಾ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಕಾಫಿ ತಂದಿಟ್ಟೆ. ಅದು ಆರಿ ತಣ್ಣಗಾಯಿತು.

ಮಾಧವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಮರುಕವೂ ಇತ್ತು. ಅದನ್ನು ಹೇಳದೆ ಇದ್ದರೆ ತಪ್ಪಾಗುತ್ತದೆ. ಅವನ ಮಾನವನ್ನೂ ಅಷ್ಟೇ ಬೀದಿಯಲ್ಲಿ ಹರಾಜು ಹಾಕಿದ್ದರು. ಶಟಲ್ ಆಡಲು ಹೋಗುವುದನ್ನು ಬಿಟ್ಟ. ಆಫೀಸಿಗೆ ರಜೆ ಹಾಕಿದ. ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರ ಮುಖಪರಿಚಯವೂ ಸರಿಯಾಗಿ ಇಲ್ಲದ ಒಬ್ಬ ಮನುಷ್ಯ ಅವನ ಹೆಗಲು ಹಿಡಿದು ಯಾವುದೋ ನಾಟಿವೈದ್ಯರ ವಿಳಾಸ ಹೇಳಿದನಂತೆ. ಯಾರೋ ಪುಣ್ಯಾತ್ಮರು ಅವನ ಫೋನಿಗೆ ಲೇಹ್ಯದ ಜಾಹೀರಾತು ಕಳಿಸಿದ್ದರು. ಅವನು ಮನೆಯಲ್ಲಿ ಶುಭಾಳ ಜೊತೆ ಮಾತು ಬಿಟ್ಟ, ಊಟ ಬಿಟ್ಟ. ಅವಳು ತಟ್ಟೆ ಹಾಕಿದರೆ ಎದ್ದು ಹೋಗುತ್ತಿದ್ದ.

ಒಂದು ದಿನ ಅವನು ತಾರಸಿಯಲ್ಲಿ ಒಬ್ಬನೇ ನಿಂತಿದ್ದ. ನಾನು ನಮ್ಮ ತಾರಸಿಯಿಂದ ಕರೆದೆ.

"ಮಾಧವ, ಅವಳದೇನೋ ತಪ್ಪು? ದೇವ್ರ ಹತ್ರ ಹೇಳ್ಕೊಂಡ್ಳು."

"ಯಾರ ಹತ್ರ ಹೇಳ್ಕೊಂಡ್ಳೋ ನಂಗ್ಗೊತ್ತಿಲ್ಲ ಆಂಟಿ. ಇಡೀ ಜಯನಗರ ಕೇಳಿಸ್ಕೊಂಡಿದೆ." ಅವನು ಗೋಡೆಯ ಹತ್ತಿರ ಬಂದ. "ನಾನೇನು ಕೊಲೆ ಮಾಡಿದ್ನಾ? ನಂಗ್ಯಾಕೆ ಈ ಶಿಕ್ಷೆ?"

"ಇಷ್ಟು ವರ್ಷ ಅವ್ಳು ನಿನ್ನ ಹೊರೆ ಹೊತ್ತಿದ್ದಾಳಲ್ಲೋ."

"ಹೊತ್ತಿದ್ಳು" ಅಂದ. "ಇನ್ನೂ ಸ್ವಲ್ಪ ದಿನ ಹೊರ್ಬಾರದಿತ್ತಾ?"

ಬೈಯೋಣ ಅಂತ ಬಾಯಿ ತೆರೆದವಳು ಅವನ ಮುಖ ನೋಡಿ ಮೆಟ್ಟಿಲಿಳಿದು ಬಂದೆ.

ಮುಂದಿನ ಭಾನುವಾರ ಕಿಟ್ಟಿಯ ಪೋರ್ಟಿಕೋದಲ್ಲಿ ಸಂಘದ ಮೀಟಿಂಗು ನಡೆಯಿತು. ಕಿಟ್ಟಿ ಎಲ್ಲರ ಎದುರು ಕೈಮುಗಿದು ತಪ್ಪಾಯಿತು ಅಂದ. ಕಟ್ಟೆಯ ಕ್ಯಾಮೆರಾ ತೆಗೆಸೋಣ, ಬೇಡ ಅಂದರೆ ಮೈಕನ್ನಾದರೂ ಬಂದ್ ಮಾಡಿಸೋಣ ಅಂದ. ಪಾಪ, ಅವನು ಆ ವಾರದಲ್ಲಿ ಅರ್ಧ ಇಳಿದುಹೋಗಿದ್ದ. ಆದರೆ ಜನ ಒಪ್ಪಬೇಕಲ್ಲ! ಒಂದು ತಪ್ಪಾಯಿತು ಅಂತ ಇರುವ ಸೌಲಭ್ಯ ಯಾಕೆ ಕಳೆದುಕೊಳ್ಳಬೇಕು ಅಂದರು ಒಬ್ಬರು. ಕಳ್ಳರು ಮಾತಾಡಿಕೊಂಡರೆ ಹೆಸರು ಸಿಗಬಹುದು ಅಂದರು ಇನ್ನೊಬ್ಬರು. ಮುಚ್ಚಿಡುವಂಥದ್ದು ಇಲ್ಲದವರಿಗೆ ಭಯ ಯಾಕೆ ಅಂತ ಒಬ್ಬಳು ಮಹಾತಾಯಿ ಕೇಳಿದಳು. "ನಿಮ್ಮ ಮಲಗೋ ಕೋಣೆಗೂ ಒಂದು ಹಾಕ್ಸಿ ಹಾಗಾದ್ರೆ, ನೋಡೋಣ!" ಅಂತ ನಾನು ಎದ್ದು ನಿಂತು ಕಿರುಚಿದೆ. ಉಮಕ್ಕನಿಗೆ ಬಿ.ಪಿ. ಅಂತ ಹೇಳಿ ನೀರು ಕೊಟ್ಟು ಕೂರಿಸಿದರು. ಕೊನೆಗೆ ಕೈ ಎತ್ತಿಸಿದಾಗ ಕ್ಯಾಮೆರಾನೂ ಉಳಿಯಿತು, ಮೈಕೂ ಉಳಿಯಿತು. ಇಲ್ಲಿ ಧ್ವನಿಯೂ ದಾಖಲಾಗುತ್ತದೆ ಅಂತ ಕಟ್ಟೆಗೆ ಒಂದು ಹಳದಿ ಬೋರ್ಡು ಹೊಡೆಯುವುದು, ಎಲ್ಲವೂ ಪಾರದರ್ಶಕವಾಗಿರಲಿ ಅಂತ, ಬೇಕೆಂದ ಸದಸ್ಯರ ಫೋನಿಗೆ ನೇರ ಪ್ರಸಾರದ ಲಿಂಕು ಕೊಡುವುದು ಅಂತಲೂ ತೀರ್ಮಾನವಾಯಿತು. ಮಾಧವ ಆ ಮೀಟಿಂಗಿಗೆ ಬರಲಿಲ್ಲ.

ಅದಾಗಿ ಎರಡು ದಿನಕ್ಕೆ ಗುಂಪಿಗೆ ಮಾಧವನ ನಂಬರಿನಿಂದ ಒಂದು ಸಂದೇಶ ಬಂತು.

"ನಮಸ್ಕಾರ. ನಾನು ಶುಭಾ, ಮಾಧವ ಅವರ ಹೆಂಡತಿ. ಆ ದಿನ ವಿಡಿಯೋದಲ್ಲಿ ನಾನು ಆಡಿದ ಮಾತು ನಿಜವಲ್ಲ. ತೊಂದರೆ ಇರುವುದು ನನ್ನಲ್ಲಿ. ಮನಸ್ಸಿಗೆ ಬೇಜಾರಾಗಿ ಅವರ ಮೇಲೆ ಹೊರಿಸಿ ಮಾತಾಡಿದೆ. ಎಲ್ಲರೂ ದಯವಿಟ್ಟು ಕ್ಷಮಿಸಿ."

ಎರಡು ಸಲ ಓದಿದೆ. ಕೆಳಗೆ ಒಂದರ ಹಿಂದೆ ಒಂದು ಕೈಮುಗಿಯುವ ಚಿತ್ರಗಳು ಬಂದವು. ಪರವಾಗಿಲ್ಲಮ್ಮಾ, ದೇವರಿದ್ದಾನೆ, ಧೈರ್ಯವಾಗಿರು ಅಂತೆಲ್ಲ ಬರೆದರು. ಗಂಡನ ಮೇಲೆ ಹೀಗೆ ಹೇಳಬಾರದಿತ್ತು, ಹೋಗಲಿ ತಪ್ಪೊಪ್ಪಿಕೊಂಡಿದ್ದು ದೊಡ್ಡತನ ಅಂತ ಮೀಟಿಂಗಿನ ಆ ಮಹಾತಾಯಿಯೂ ಬರೆದಳು. ನಾನು ಏನೋ ಬರೆಯಲು ಹೋದೆ. ನಿಜ ಹೇಳಿದರೆ ಶುಭಾಳ ಮಾತನ್ನು ನಾನೇ ಸುಳ್ಳು ಮಾಡಿದ ಹಾಗೆ. ಬರೆದದ್ದನ್ನೆಲ್ಲ ಅಳಿಸಿದೆ.

ಶುಭಾ ಕೆಲಸಕ್ಕೆ ಹೊರಟಾಗ ಗೇಟಿನಲ್ಲಿ ಹಿಡಿದು ನಿಲ್ಲಿಸಿದೆ. "ಯಾಕೇ ಬರೆದೆ ಅದನ್ನ? ಅವ್ನು ಬರೆಸಿದ್ನಾ?"

"ಕೇಳಿದ್ರು. ಬಲವಂತ ಏನ್ ಮಾಡ್ಲಿಲ್ಲ ಆಂಟಿ." ಕೈಚೀಲದ ಬಾರನ್ನು ಸರಿಮಾಡಿಕೊಂಡಳು. "ಅಷ್ಟ್ ದಿನದಿಂದ ಊಟಾನೇ ಮಾಡಿರ್ಲಿಲ್ಲ ಅವ್ರು. ಬರೆದ್ಮೇಲೆ ಉಂಡ್ರು. ಎರಡು ಸಲ ಹುಳಿ ಹಾಕಿಸ್ಕೊಂಡ್ರು."

"ಮತ್ತೆ ನಿನ್ನ ಗತಿ?"

"ಮುಂಚೆ ಹೇಗಿತ್ತೋ ಹಾಗೇ ಅಲ್ವಾ? ಎಲ್ರೂ ನಂದೇ ಅಂದ್ಕೊಂಡಿದ್ರು. ಈಗ್ಲೂ ಹಾಗೇ ಅಂದ್ಕೊಳ್ತಾರೆ." ನಗಲು ನೋಡಿದಳು, ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಹೋದಳು.

ಪಂಕಜಾಗೆ ನಿಜ ಏನು ಅಂತ ಗೊತ್ತಿತ್ತು. ಗೊತ್ತಿದ್ದೂ ಅವಳು ಆ ಸಂದೇಶವನ್ನು ತನ್ನ ಅಣ್ಣ ತಮ್ಮಂದಿರಿಗೆಲ್ಲ ಕಳಿಸಿದಳು. ನಾನು ಅವಳ ಜೊತೆ ಮಾತು ಬಿಟ್ಟೆ. ಇಷ್ಟು ವರ್ಷದ ಸ್ನೇಹ, ಹಾಳಾಗಿ ಹೋಗಲಿ.

ಅದಾದ ಮೇಲೆ ಶುಭಾ ಕಟ್ಟೆಯ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ. ಮುಂದಿನ ಸೋಮವಾರ ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಹೋದವಳು ನೋಡುತ್ತೇನೆ, ಅವಳು ಮೊದಲಿನ ಹಾಗೇ ಒದ್ದೆ ತಲೆಯಲ್ಲಿ ಸುತ್ತು ಹಾಕುತ್ತಿದ್ದಾಳೆ. ಬೇವಿನ ಬುಡಕ್ಕೆ ಹಳದಿ ಬೋರ್ಡು ಹೊಡೆದಾಗಿತ್ತು. ಅದನ್ನು ಓದಿದ ಹೆಂಗಸರು ಈಗ ಬಾಯಿ ಬಿಗಿದುಕೊಂಡು ನಾಲ್ಕು ಸುತ್ತು ಹಾಕಿ ಹೋಗಿಬಿಡುತ್ತಾರೆ ಅಂತ ರುದ್ರಮ್ಮ ಹೇಳಿದ್ದಳು. ಶುಭಾ ಹೋಗಲಿಲ್ಲ. ಕಲ್ಲಿನ ಮುಂದೆ ಕೂತಳು. ನಾನು ಹತ್ತಿರ ಹೋದೆ. ಅವಳು ನನ್ನನ್ನು ನೋಡಿ, ಸ್ವಲ್ಪ ಇರಿ ಅನ್ನುವ ಹಾಗೆ ಕೈ ಮಾಡಿ, ಹಾಲೆರೆದು, ಬಾಯಿಬಿಟ್ಟು ಹೇಳಿಕೊಳ್ಳತೊಡಗಿದಳು. ಯಾವತ್ತೂ ಇಲ್ಲದಷ್ಟು ಗಟ್ಟಿಯಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು.

"ನಾಗಪ್ಪಾ, ದೋಷ ನನ್ನಲ್ಲಿದೆ. ನನ್ನ ಗಂಡನದೇನೂ ತಪ್ಪಿಲ್ಲ. ನನ್ನ ದೋಷ ಪರಿಹಾರ ಮಾಡು. ಅವರ ಮೇಲೆ ಸುಳ್ಳು ಹೇಳಿದ್ದಕ್ಕೆ ನನ್ನನ್ನ ಕ್ಷಮಿಸು."

ನನಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, "ಶುಭಾ, ಊರವರಿಗೆ ಏನಾದ್ರೂ ಹೇಳ್ಕೋ. ನಾಗಪ್ಪನ ಹತ್ರನೂ ಸುಳ್ಳು ಹೇಳ್ಬೇಕೇನೇ?" ಅಂದೆ.

ಅವಳು ಬೆರಳು ತುಟಿಯ ಮೇಲಿಟ್ಟಳು. ನನ್ನ ಕೈ ಹಿಡಿದು ಕಟ್ಟೆ ಇಳಿಸಿ, ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋದ ಮೇಲೆಯೇ ಮಾತಾಡಿದ್ದು. ಅಲ್ಲಿಯೂ ಪಿಸುಮಾತಿನಲ್ಲೇ ಹೇಳಿದಳು.

"ಅವ್ರು ಲಿಂಕ್ ಇಸ್ಕೊಂಡಿದ್ದಾರೆ ಆಂಟಿ, ಕಿಟ್ಟಿ ಅಂಕಲ್ ಹತ್ರ. ಏನು ಹೇಳ್ಕೊಳ್ತೀಯ ಅಂತ ದಿನಾ ಕೇಳಿಸ್ಕೊಳ್ತೀನಿ, ಆಗ ನಂಬಿಕೆ ಬರತ್ತೆ ಅಂದ್ರು. ಕಟ್ಟೆಗೆ ಬರ್ದೇ ಇದ್ರೆ ಮನಸಲ್ಲಿ ಏನೋ ಇಟ್ಕೊಂಡಿದ್ದೀಯ ಅಂತಾರೆ."

"ಅಯ್ಯೋ ನಿನ್ನ..." ಅಂದೆ.

ಅವಳ ಫೋನು ಸಣ್ಣಗೆ ಸದ್ದು ಮಾಡಿತು. ತೆಗೆದು ನೋಡಿ, ನನ್ನ ಕಡೆ ತಿರುಗಿಸಿದಳು. ಮಾಧವ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ್ದ.

"ಕೇಳಿಸ್ತಂತೆ" ಅಂದಳು.